ಮಂಡಿನೋವಿಗೆ ಚುಚ್ಚುಮದ್ದು: ಭರವಸೆ ಎಷ್ಟು, ಮಿತಿ ಎಷ್ಟು?

ಭಾನುವಾರದ ಬಲಿಪೂಜೆಯಲ್ಲಿ ಎಲ್ಲರೂ ಮಂಡಿಯೂರುವ ಹೊತ್ತಿಗೆ ಬೆಂಚನ್ನು ಹಿಡಿದು ನಿಂತೇ ಇರುವ ಹಿರಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಮನೆಯಲ್ಲಿ ಜಪಸರ ಮುಗಿದ ಮೇಲೆ ಗೋಡೆಗೆ ಕೈಯೂರಿ ಏಳುವ ತಾಯಂದಿರೂ ವಿರಳರಲ್ಲ. ಇವರಲ್ಲಿ ಅನೇಕರನ್ನು ಕಾಡುತ್ತಿರುವುದು ಮೊಣಕಾಲ ಕೀಲಿನ ಸವೆತ. ಮೂಳೆಗಳ ತುದಿಯನ್ನು ಹೊದೆದಿರುವ ನುಣುಪಾದ ಮೃದ್ವಸ್ಥಿ ತೆಳುವಾಗುತ್ತದೆ, ಕೀಲಿನ ಒಳಪೊರೆ ಉರಿಯೂತಕ್ಕೆ ಒಳಗಾಗುತ್ತದೆ, ನೋವು ಆರಂಭವಾಗುತ್ತದೆ.

ಗುಳಿಗೆಯಿಂದ ಉಪಶಮನ ಸಾಲದು, ಶಸ್ತ್ರಚಿಕಿತ್ಸೆಗೆ ಇನ್ನೂ ಕಾಲ ಬಂದಿಲ್ಲ ಎಂಬ ನಡುವಿನ ಹಂತದಲ್ಲಿ ಚುಚ್ಚುಮದ್ದಿನ ಮಾತು ಬರುತ್ತದೆ. ದೂರದಲ್ಲಿ ದುಡಿಯುವ ಮಗನೋ ಮಗಳೋ ‘ಅಮ್ಮ, ಖರ್ಚಿನ ಚಿಂತೆ ಮಾಡಬೇಡ, ಹಾಕಿಸಿಕೋ’ ಎಂದು ಹಣ ಕಳುಹಿಸುವುದುಂಟು. ಪ್ರೀತಿಯಿಂದ ಬಂದ ಆ ಹಣದಿಂದ ದೊರೆಯುವುದೇನು ಎಂಬುದನ್ನು ಮೊದಲೇ ಅರಿತಿರುವುದು ಲೇಸು.

ಮುಖ್ಯವಾಗಿ ಬಳಕೆಯಲ್ಲಿರುವುದು ಮೂರು ಬಗೆ. ಮೊದಲನೆಯದು ಸ್ಟೀರಾಯ್ಡ್. ಇದು ಉರಿಯೂತವನ್ನು ತಗ್ಗಿಸಿ ಬೇಗನೆ ನೆಮ್ಮದಿ ನೀಡುತ್ತದೆ. ಆದರೆ ಅದರ ಫಲ ಸಾಮಾನ್ಯವಾಗಿ ಕೆಲವು ವಾರಗಳದ್ದು. ಪದೇ ಪದೇ ಪಡೆಯುವುದು ಹಿತಕರವಲ್ಲ. 140 ರೋಗಿಗಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 12 ವಾರಗಳಿಗೊಮ್ಮೆ ಎರಡು ವರ್ಷ ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿ, ಬರಿಯ ಉಪ್ಪುನೀರಿನ ಚುಚ್ಚುಮದ್ದು ಪಡೆದವರಿಗಿಂತ ಹೆಚ್ಚು ಸವೆದಿತ್ತು. ನೋವಿನಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಧುಮೇಹವುಳ್ಳವರಲ್ಲಿ ಕೆಲವು ದಿನ ರಕ್ತದ ಸಕ್ಕರೆ ಏರುವ ಸಂಭವವೂ ಇದೆ.

ಎರಡನೆಯದು ಹಯಲುರಾನಿಕ್ ಆಮ್ಲ. ಜನರ ಬಾಯಲ್ಲಿ ‘ಜೆಲ್ ಇಂಜೆಕ್ಷನ್’. ಕೀಲಿನ ದ್ರವದಲ್ಲಿ ಸಹಜವಾಗಿಯೇ ಇರುವ ವಸ್ತುವಿದು. ಸವೆದ ಯಂತ್ರಕ್ಕೆ ಎಣ್ಣೆ ಬಿಟ್ಟಂತೆ ಎಂಬ ವರ್ಣನೆ ಆಕರ್ಷಕವೇನೋ ಹೌದು. ಆದರೆ 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಸ್ತೃತ ಸಮೀಕ್ಷೆಯ ಪ್ರಕಾರ, ಹುಸಿಮದ್ದಿಗಿಂತ ಇದರಿಂದ ದೊರೆಯುವ ಹೆಚ್ಚಿನ ಉಪಶಮನ ತೀರಾ ಅಲ್ಪ.

ಮೂರನೆಯದು ಪಿ.ಆರ್.ಪಿ. ರೋಗಿಯ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಕಣಗಳು ಸಾಂದ್ರವಾಗಿರುವ ಭಾಗವನ್ನು ಕೀಲಿಗೆ ಚುಚ್ಚುತ್ತಾರೆ. ಕೆಲವು ಅಧ್ಯಯನಗಳು ಇದರಿಂದ ಪ್ರಯೋಜನವಿದೆ ಎಂದಿವೆ. ಆದರೆ ಆಸ್ಟ್ರೇಲಿಯದಲ್ಲಿ 288 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ಬಳಿಕ ಪಿ.ಆರ್.ಪಿ. ಪಡೆದವರಿಗೂ ಉಪ್ಪುನೀರು ಪಡೆದವರಿಗೂ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ಗಣನೀಯ ಅಂತರವಿರಲಿಲ್ಲ.

ಹಾಗಾದರೆ ಚುಚ್ಚುಮದ್ದು ವ್ಯರ್ಥವೇ? ಹಾಗೆನ್ನಲಾಗದು. ನೋವು ಉಲ್ಬಣಿಸಿ ಹೆಜ್ಜೆಯಿಡಲೂ ಆಗದಾಗ ಒಂದು ಸ್ಟೀರಾಯ್ಡ್ ಚುಚ್ಚುಮದ್ದು ನಡೆದಾಡುವ ಅವಕಾಶ ಕೊಡಬಲ್ಲದು. ಅದು ಕೊಡುವುದು ಬಿಡುವನ್ನೇ ಹೊರತು ಹೊಸ ಮಂಡಿಯನ್ನಲ್ಲ. ಆ ಬಿಡುವಿನಲ್ಲಿ ತೊಡೆಯ ಸ್ನಾಯುಗಳನ್ನು ಬಲಪಡಿಸಿದರೆ ಮಾತ್ರ ಲಾಭ ನಿಲ್ಲುತ್ತದೆ. 2020ರಲ್ಲಿ ಪ್ರಕಟವಾದ, 156 ರೋಗಿಗಳ ಅಧ್ಯಯನದಲ್ಲಿ ವ್ಯಾಯಾಮ ಸಹಿತ ಫಿಸಿಯೋಥೆರಪಿ ಪಡೆದವರು ಒಂದು ವರ್ಷದ ನಂತರ ಸ್ಟೀರಾಯ್ಡ್ ಪಡೆದವರಿಗಿಂತ ಉತ್ತಮ ಸ್ಥಿತಿಯಲ್ಲಿದ್ದರು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ.

ಆದ್ದರಿಂದ ಒಪ್ಪಿಗೆ ನೀಡುವ ಮೊದಲು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಯಾವ ಮದ್ದು? ಫಲ ಎಷ್ಟು ಕಾಲ? ಒಟ್ಟು ವೆಚ್ಚವೆಷ್ಟು? ನನಗೆ ತಕ್ಕ ವ್ಯಾಯಾಮ ಯಾವುದು? ಚುಚ್ಚುಮದ್ದಿನ ಬಳಿಕ ಜ್ವರ ಬಂದರೆ, ಮಂಡಿ ಬಿಸಿಯಾಗಿ ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಪರೂಪವಾದರೂ ಕೀಲಿಗೆ ಸೋಂಕು ತಗಲಬಹುದು.

ಅನಾರೋಗ್ಯವುಳ್ಳವರು ಮಂಡಿಯೂರಲೇಬೇಕೆಂದು ಧರ್ಮಸಭೆಯೂ ಕೇಳುವುದಿಲ್ಲ. ತಲೆಬಾಗಿ ವಂದಿಸಿದರೆ ಸಾಕು. ಹಣ ಕಳುಹಿಸುವ ಮಕ್ಕಳು ರಜೆಗೆ ಬಂದಾಗ ತಾಯಿಯ ಜೊತೆಗೂಡಿ ದಿನಕ್ಕೆ ಅರ್ಧ ಗಂಟೆ ನಡೆದರೆ, ಅದೂ ಒಂದು ಚಿಕಿತ್ಸೆಯೇ.