ಏದುಸಿರೂ ಎದೆಗುದಿಯೂ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಳೆಗಾಲವನ್ನು ಬಲ್ಲವರಿಗೆ ಅದರ ವರ್ಣನೆ ಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯೊಂದರಲ್ಲೇ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಹೊರಗೆ ಕೆಸರು, ಒಳಗೆ ತೇವ, ಒಲೆಯಲ್ಲಿ ಹಸಿ ಸೌದೆ. ಗಟ್ಟಿಮುಟ್ಟಾದವರಿಗೇ ಬೇಸರ ತರುವ ಈ ದಿನಗಳು ಶ್ವಾಸಕೋಶದ ದೀರ್ಘರೋಗವುಳ್ಳವರಿಗೆ ಇನ್ನೆಷ್ಟು ಕಠಿನವಾಗಿರಬೇಡ! ಅವರು ಜಗಲಿಯ ಕಂಬಕ್ಕೊರಗಿ ಏದುಸಿರು ಬಿಡುವುದು ಮನೆಯವರ ಕಣ್ಣಿಗೆ ಬೀಳುವುದು. ಉಸಿರಿನೊಡನೆ ಮನಸ್ಸೂ ಕುಗ್ಗುತ್ತಿರುವುದನ್ನು ಕಾಣುವವರು ವಿರಳ. ವಯಸ್ಸಾಯಿತು, ಇನ್ನೇನು ಮಾಡುವುದು ಎಂದು ಸುಮ್ಮನಾಗುವುದೇ ಹೆಚ್ಚು. ಆದರೆ ಇದು ಬರಿಯ ವಯಸ್ಸಿನ ಮಾತೆ?

ಈ ರೋಗಗಳಲ್ಲಿ ಮುಖ್ಯವಾದುದು ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಕಾಯಿಲೆ. ವೈದ್ಯರು ಇದನ್ನು ಸಿ.ಓ.ಪಿ.ಡಿ. ಎನ್ನುವರು. ಶ್ವಾಸಕೋಶವು ಹೀಗೆ ಉಬ್ಬಿ ಸಡಿಲಗೊಳ್ಳುವುದನ್ನು ಫ್ರಾನ್ಸಿನ ವೈದ್ಯ ಲೆನ್ನೆಕ್ 1819ರಲ್ಲಿಯೇ ವರ್ಣಿಸಿದ್ದನು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಇದರಿಂದ ಮಡಿದವರು ಸುಮಾರು 35 ಲಕ್ಷ ಮಂದಿ. ಬೀಡಿ, ಸಿಗರೇಟುಗಳ ಹೊಗೆ ಇದರ ದೊಡ್ಡ ಕಾರಣ. ಹಾಗಾದರೆ ಬೀಡಿಯನ್ನು ಮುಟ್ಟದ ಹೆಂಗಸರಿಗೆ ಇದು ಬರುವುದೇಕೆ? ಸೌದೆಯ ಹೊಗೆಯೂ ಇದೇ ಕೆಲಸವನ್ನು ಮಾಡಬಲ್ಲದು. ಅಡುಗೆಮನೆಗೆ ಅನಿಲದ ಒಲೆ ಬಂದ ಮೇಲೂ ಮಲೆನಾಡಿನ ಅನೇಕ ಮನೆಗಳಲ್ಲಿ ಬಚ್ಚಲ ಹಂಡೆಗೆ, ಅಡಿಕೆ ಬೇಯಿಸುವ ಒಲೆಗೆ ಸೌದೆಯೇ ಆಧಾರ.

ಆರೋಗ್ಯವಂತರು ಉಸಿರನ್ನು ಹೊರಬಿಡಲು ಶ್ರಮಪಡಬೇಕಾಗಿಲ್ಲ. ರೋಗಿಯ ನಾಳಗಳು ಕಿರಿದಾಗಿರುವುದರಿಂದ ಒಳಹೊಕ್ಕ ಗಾಳಿ ಹೊರಬರಲು ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಮುಂದಿನ ಉಸಿರನ್ನು ಎಳೆದುಕೊಂಡರೆ ಹಳೆಯ ಗಾಳಿ ಒಳಗೇ ಉಳಿಯುವುದು. ತುಂಬಿದ ಕೊಡಕ್ಕೆ ಮತ್ತೆ ನೀರೆರೆದಂತೆ ಹೊಸ ಗಾಳಿಗೆ ಎಡೆಯಿರುವುದಿಲ್ಲ. ರೋಗಿಗೆ ಉಸಿರು ಸಾಲದೆಂದು ತೋರುವುದು. ನಿಜವಾಗಿ ಖಾಲಿಯಾಗಬೇಕಾದುದು ಖಾಲಿಯಾಗಿಲ್ಲ.

ಭಯವು ಕೈಹಾಕುವುದು ಇಲ್ಲಿಯೇ. ಉಸಿರು ಕಟ್ಟಿದಂತಾದೊಡನೆ ಅಂಜುವುದು ಪ್ರಾಣಿಮಾತ್ರಕ್ಕೆ ಸಹಜ. ಅಂಜಿದವನ ಎದೆ ಬಡಿದುಕೊಳ್ಳುವುದು, ಉಸಿರು ಬೇಗಬೇಗನೆ ಆಡುವುದು. ಬೇಗ ಉಸಿರಾಡಿದಷ್ಟೂ ಗಾಳಿ ಒಳಗೆ ಸಿಕ್ಕಿಕೊಳ್ಳುವುದು, ಏದುಸಿರು ಹೆಚ್ಚುವುದು, ಭಯ ಇಮ್ಮಡಿಸುವುದು. ನಾಳಗಳನ್ನು ಹಿಗ್ಗಿಸಲು ಸೇದುವ ಸಾಲ್ಬುಟಮಾಲ್ ಔಷಧವೂ ಕೆಲವರಲ್ಲಿ ಕೈನಡುಕ, ಎದೆಬಡಿತಗಳನ್ನು ತರುವುದರಿಂದ ಗಾಬರಿಗೆ ಇನ್ನೊಂದು ನೆಪ ಸಿಗುವುದು. ಆದ್ದರಿಂದ ಈ ಭಯವು ಹೇಡಿತನವಲ್ಲ. ದೇಹ ಮನಸ್ಸುಗಳು ಒಂದನ್ನೊಂದು ತಿರುಗಿಸುವ ಗಾಣ.

ಇನ್ನೊಂದು ಗಾಣ ನಿಧಾನವಾಗಿ ತಿರುಗುವುದು. ಏದುಸಿರಿಗೆ ಅಂಜಿ ರೋಗಿಯು ತೋಟಕ್ಕೆ ಹೋಗುವುದನ್ನು, ಬಳಿಕ ನೆಂಟರ ಮನೆಗೆ ಹೋಗುವುದನ್ನು ಬಿಡುವನು. ದುಡಿಯದ ಕಾಲುಗಳ ಸ್ನಾಯುಗಳು ಸೊರಗಿ, ಸಣ್ಣ ಕೆಲಸಕ್ಕೂ ಏದುಸಿರು ಬರುವುದು. ತಾನು ಮನೆಗೆ ಭಾರವೆಂಬ ಭಾವನೆ ಬೇರೂರುವುದು. ಖಿನ್ನತೆ ಕವಿದವನಿಗೆ ಔಷಧವನ್ನು ಹೊತ್ತಿಗೆ ಸರಿಯಾಗಿ ಸೇದಬೇಕೆಂಬ ಮನಸ್ಸೂ ಇರದು.

ಈ ಕಳವಳದಲ್ಲಿ ನಿಜದ ಪಾಲೂ ಉಂಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರೈಸಿದ ಮೇಲೆ ಶರಾವತಿಯ ಹಿನ್ನೀರಿನಾಚೆಯ ತುಮರಿ ಸೀಮೆಯವರು ಸಾಗರಕ್ಕೆ ನೇರವಾಗಿ ಬರಲು ಲಾಂಚನ್ನೇ ಕಾಯಬೇಕಾಗಿತ್ತು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸೇತುವೆ ತೆರೆದುದು 2025ರ ಜುಲೈಯಲ್ಲಿ. ಅರ್ಧರಾತ್ರಿಯಲ್ಲಿ ಉಸಿರು ಕಟ್ಟಿದರೆ ಗತಿಯೇನು ಎಂಬ ಪ್ರಶ್ನೆಯನ್ನು ಹುಚ್ಚು ಚಿಂತೆಯೆಂದು ತಳ್ಳಿಹಾಕಬಾರದು. ಯಾರಿಗೆ ಹೇಳುವುದು, ಯಾವ ವಾಹನ, ಯಾವ ಔಷಧ ಎಂಬುದನ್ನು ಮೊದಲೇ ಬರೆದು ಗೋಡೆಗೆ ಅಂಟಿಸುವುದೇ ಅದಕ್ಕೆ ತಕ್ಕ ಉತ್ತರ.

ಗಾಣವನ್ನು ನಿಲ್ಲಿಸುವುದು ಹೇಗೆ? ಮೊದಲು ಉಸಿರು. ಕುಳಿತು ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೂರಬೇಕು. ಎರಡೆಣಿಸುವವರೆಗೆ ಮೂಗಿನಿಂದ ಉಸಿರೆಳೆದು, ಸಿಳ್ಳು ಹಾಕುವಂತೆ ತುಟಿಗಳನ್ನು ಕಿರಿದುಮಾಡಿ ನಾಲ್ಕೆಣಿಸುವವರೆಗೆ ಮೆಲ್ಲನೆ ಬಿಡಬೇಕು. ಇದರಿಂದ ಒಳಗಿನ ಗಾಳಿಗೆ ಹೊರಬರಲು ಅವಕಾಶ ದೊರೆಯುವುದು. ಮುಖಕ್ಕೆ ತಂಗಾಳಿ ಬಡಿದರೆ ಏದುಸಿರಿನ ಅನುಭವ ತಗ್ಗುವುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ನಮ್ಮ ಅಡಿಕೆ ಹಾಳೆಯ ಬೀಸಣಿಗೆ ಇದಕ್ಕೆ ಧಾರಾಳವಾಗಿ ಸಾಕು. ಸುಖದಲ್ಲಿರುವಾಗ ಅಭ್ಯಾಸ ಮಾಡಿದರೆ ಮಾತ್ರ ಕಷ್ಟದಲ್ಲಿ ಇವು ನೆನಪಿಗೆ ಬಂದಾವು.

ಎರಡನೆಯದು ನಡಿಗೆ. ವೈದ್ಯರ ಸಲಹೆಯಂತೆ ದಿನದಿನವೂ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವ ವ್ಯಾಯಾಮ ಮತ್ತು ತಿಳಿವಳಿಕೆಗಳನ್ನು ಒಳಗೊಂಡ ಕ್ರಮಕ್ಕೆ ಶ್ವಾಸಕೋಶದ ಪುನಶ್ಚೇತನವೆಂದು ಹೆಸರು. 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯು ಇದರಿಂದ ಏದುಸಿರೂ ಆಯಾಸವೂ ತಗ್ಗುವುದಲ್ಲದೆ ಮನಸ್ಸಿನ ಸ್ಥಿತಿಯೂ ಸುಧಾರಿಸುವುದೆಂದು ತೋರಿಸಿತು. ಮಳೆ ಬಿಡದಿದ್ದರೆ ಜಗಲಿಯ ಉದ್ದವೇ ಸಾಕು.

ಮೂರನೆಯದು ಬಾಯಿಬಿಟ್ಟು ಹೇಳುವುದು. ಎರಡು ವಾರಗಳಿಗೂ ಮೀರಿ ಬೇಸರ, ನಿದ್ರಾಹೀನತೆ, ಎಲ್ಲದರಲ್ಲಿಯೂ ನಿರಾಸಕ್ತಿ ಉಳಿದರೆ ಅದನ್ನೂ ಕೆಮ್ಮಿನಂತೆಯೇ ವೈದ್ಯರಿಗೆ ತಿಳಿಸಬೇಕು. ಬದುಕೇ ಬೇಡವೆಂಬ ಯೋಚನೆ ಸುಳಿದರಂತೂ ಒಂದು ದಿನವೂ ತಡೆಯಬಾರದು. ನಿದ್ರೆಯ ಮಾತ್ರೆಗಳನ್ನು ತಾವಾಗಿ ಕೊಂಡು ನುಂಗುವುದು ಅಪಾಯಕರ. ಅವುಗಳಲ್ಲಿ ಕೆಲವು ಉಸಿರಾಟವನ್ನೇ ಮಂದಗೊಳಿಸುವುವು. ಮನೋರೋಗದ ಚಿಕಿತ್ಸೆಗೆ ದೂರದ ನಗರಕ್ಕೇ ಹೋಗಬೇಕೆಂಬುದೂ ಇಲ್ಲ. ತೀವ್ರವಾದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಸಹ ಅವರ ಊರುಗಳಲ್ಲಿಯೇ ಉಪಚರಿಸಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ ನಡೆಸಿ ತೋರಿಸಿದ್ದಾರೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಒಂದು ಎಚ್ಚರಿಕೆ ಅಗತ್ಯ. ತುಟಿ ನೀಲಿಗಟ್ಟಿದರೆ, ಒಂದು ವಾಕ್ಯವನ್ನೂ ಪೂರೈಸಲಾಗದಿದ್ದರೆ, ಮಂಪರು ಕವಿದರೆ ಅದು ಬರಿಯ ಗಾಬರಿಯಲ್ಲ. ಕೂಡಲೆ 108ನ್ನು ಕರೆಯಬೇಕು.

ಕೆಟ್ಟ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧ ಇನ್ನೂ ಇಲ್ಲ. ಆದರೆ ಅದೇ ಶ್ವಾಸಕೋಶದಿಂದ ಅಂಜಿಕೊಂಡು ಬಾಳುವುದಕ್ಕೂ ಅಂಜದೆ ಬಾಳುವುದಕ್ಕೂ ಬಹಳ ಅಂತರವುಂಟು. ಮನೆಯವರು ರೋಗಿಯನ್ನು ಕೆಮ್ಮು ಹೇಗಿದೆಯೆಂದು ಕೇಳುವಾಗ ಮನಸ್ಸು ಹೇಗಿದೆಯೆಂದೂ ಕೇಳಲಿ.