ಮುದಿಗಣ್ಣೂ ಮರ್ಕಟವೂ

ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರ ಮಾಡಿಕೊಂಡಿದ್ದ ನಮ್ಮ ಹಿರಿಯ ಮಿತ್ರರೊಬ್ಬರು ಒಂದು ದಿನ ಬಲಗಣ್ಣನ್ನು ಒರಸಿಕೊಳ್ಳುತ್ತಿರಲು, ಎಡಗಣ್ಣಿಗೆ ಎದುರಿಗಿದ್ದವರ ಕಿವಿಯೂ ರುಮಾಲೂ ಕಂಡುವು. ಮುಖ ಮಾತ್ರ ಕಾಣಲಿಲ್ಲ. ಮನೆಯವರು ಮೋತಿಬಿಂದುವೆಂದು ಬಗೆದು, ಅದು ಹಣ್ಣಾಗಲೆಂದು ಒಂದು ವರ್ಷ ಕಾದರು. ಕಾಯಬಹುದೆಂದು ನಾವೂ ಹೇಳಿದ್ದೆವೆಂಬುದನ್ನು ವಾಚಕರಿಂದ ಮುಚ್ಚಿಡಲಾರೆವು. ಕಡೆಗೆ ವೈದ್ಯರು ನೋಡಿ, ಕೆಟ್ಟಿರುವುದು ಕಣ್ಣಿನ ಮಸೂರವಲ್ಲ, ಹಿಂದಿನ ಪರದೆಯೆಂದೂ, ಆ ಕಣ್ಣಿನ ನಡುನೋಟವು ಇನ್ನು ಮರಳಿ ಬಾರದೆಂದೂ ತಿಳಿಸಿದರು.

ಕಣ್ಣಿನ ಒಳಗೋಡೆಯಾದ ಅಕ್ಷಿಪಟಲದ ನಡುವೆ ಸುಮಾರು 5 ಮಿಲಿಮೀಟರು ಅಗಲದ ಹಳದಿ ಚುಕ್ಕೆಯೊಂದಿರುವುದು. ಪೀತಬಿಂದುವೆಂದರೆ ನಮ್ಮಂಥ ಸಂಸ್ಕೃತದವರಿಗೆ ಹಿತ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖದ ಗುರುತು ಹಿಡಿಯುವುದು ಇದರ ಕೆಲಸ. ವಯಸ್ಸಾದಂತೆ ಇದರಡಿಯಲ್ಲಿ ಡ್ರೂಸೆನ್ ಎಂಬ ಹಳದಿಯ ಕಸದ ಕಣಗಳು ಕೂಡುವುವು. ಕೆಲವರಲ್ಲಿ ಅವುಗಳ ಮೇಲಣ ಜೀವಕೋಶಗಳು ಮೆಲ್ಲನೆ ಸಾಯುವುವು. ಕೆಲವರಲ್ಲಿ ಹೊಸ ರಕ್ತನಾಳಗಳು ಹುಟ್ಟಿ, ಸೋರಿ, ನೋಟವನ್ನು ಬೇಗನೆ ಕೆಡಿಸುವುವು. ನಮ್ಮ ಮಿತ್ರರದು ಈ ಎರಡನೆಯ ಬಗೆ. ಸುಶ್ರುತಸಂಹಿತೆಯು 76 ನೇತ್ರರೋಗಗಳನ್ನು ಎಣಿಸಿರುವುದು ನಿಜ. ಆದರೆ ಜೀವಂತ ಕಣ್ಣಿನ ತಳವನ್ನು ಕಾಣಿಸುವ ಉಪಕರಣವನ್ನು ಹೆಲ್ಮ್‌ಹೋಲ್ಟ್ಸನು ಲೋಕಕ್ಕೆ ತಿಳಿಸಿದುದು 1851ರಲ್ಲಿ.

ಈ ರೋಗವನ್ನು ಅಭ್ಯಸಿಸಲು ಇಲಿ, ಮೊಲಗಳು ಸಾಲವು. ಅವಕ್ಕೆ ಪೀತಬಿಂದುವೇ ಇಲ್ಲ. ಸಸ್ತನಿಗಳಲ್ಲಿ ಅದು ಮನುಷ್ಯನಿಗೂ ಕಪಿಕುಲಕ್ಕೂ ಮಾತ್ರ ಉಂಟು. ಹಾನಗಲ್ಲಿನಲ್ಲಿ ಗುಡಿಯ ಮುಂದೆ ತೆಂಗಿನ ಹೋಳಿಗೆ ಹೊಂಚುವ ಮಂಗ, ಹಿರೇಕೆರೂರಿನ ಹೊಲದಲ್ಲಿ ಗೋವಿನಜೋಳದ ತೆನೆ ಮುರಿಯುವ ಮಂಗ, ಶಿಗ್ಗಾವಿಯ ದಾರಿಯ ಮರದಿಂದ ನಮ್ಮ ಕೈಚೀಲವನ್ನು ಅಳೆಯುವ ಮಂಗ, ಎಲ್ಲವೂ ನಮ್ಮಂತೆಯೇ ನೋಡುವುವು.

ಆದರೆ ಈ ವಿದ್ಯೆಗೆ ಒದಗಿದುದು ನಮ್ಮ ಸೀಮೆಯ ಮಂಗವಲ್ಲ, ಉತ್ತರ ಹಿಂದುಸ್ಥಾನದ ರೀಸಸ್ ಕೋತಿ. 1938ರಲ್ಲಿ ಕಾರ್ಪೆಂಟರನೆಂಬ ಅಮೆರಿಕದ ಪಂಡಿತನು ಅಂಥ ಸುಮಾರು 400 ಕೋತಿಗಳನ್ನು ಹಡಗಿನಲ್ಲಿ ಒಯ್ದು, ಪೋರ್ಟೊ ರಿಕೊದ ಮಗ್ಗುಲಿನ ಕಾಯೊ ಸಾಂಟಿಯಾಗೊ ಎಂಬ ಕಿರುದ್ವೀಪದಲ್ಲಿ ಬಿಟ್ಟನು. ಪಂಜರವಿಲ್ಲದೆ ಅವು ಅಲ್ಲಿ ಸಂಸಾರ ಬೆಳೆಸಿದುವು. 1956ರಿಂದ ಹುಟ್ಟುಸಾವುಗಳ ಲೆಕ್ಕವಿಟ್ಟುದರಿಂದ ಒಂದೊಂದರ ವಯಸ್ಸೂ ಗೊತ್ತು. ಅವುಗಳ ಒಂದು ವರ್ಷವು ನಮ್ಮ ಸುಮಾರು ಮೂರಕ್ಕೆ ಸಮ. 20 ವರ್ಷದ ಕೋತಿಯೆಂದರೆ ನಮ್ಮ ಓರಗೆಯದು! ಅಂಥ ಮುದಿ ಕೋತಿಗಳ ಕಣ್ಣಿನಲ್ಲಿ ನಮ್ಮವೇ ಆದ ಡ್ರೂಸೆನ್ ಕಣಗಳಿರುವುದನ್ನು 1992ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ವರ್ಣಿಸಿತು.

ಹೋಲಿಕೆ ಪೂರ್ತಿಯಲ್ಲ. ನಾಳಗಳು ಸೋರುವ ಕಡೆಯ ಅವಸ್ಥೆಯು ಕೋತಿಗಳಿಗೆ ತಾನಾಗಿ ಬರುವುದು ಬಲು ಅಪರೂಪ. ಆದುದರಿಂದ ಆಗ್ನೇಯ ಏಷ್ಯದ ಉದ್ದಬಾಲದ ಕೋತಿಗಳ ಕಣ್ಣೊಳಗೆ ಲೇಸರಿನಿಂದ ಗಾಯಮಾಡಿ, ನಾಳಗಳನ್ನು ಬರಿಸಿ, ಮದ್ದನ್ನು ಪರೀಕ್ಷಿಸಿದರು. ಹಾಗೆ ಪರೀಕ್ಷಿತವಾದ ರಾನಿಬಿಜುಮಾಬ್ ಎಂಬ ಚುಚ್ಚುಮದ್ದಿಗೆ 2006ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಂದು ನಮ್ಮ ದೇಶದಲ್ಲಿಯೂ ಕೊಡುತ್ತಾರೆ. ಶನಿವಾರ ಹನುಮಂತನಿಗೆ ಕೈಮುಗಿಯುವ ನಮಗೆ ಇದನ್ನು ಬರೆಯುವಾಗ ಲೇಖನಿ ತುಸು ತಡೆಯಿತು. 1978ರಲ್ಲಿ ನಮ್ಮ ಸರಕಾರವು ರೀಸಸ್ ಕೋತಿಗಳ ರಫ್ತನ್ನು ನಿಲ್ಲಿಸಿದುದು ಸರಿಯೆಂದೇ ನಮ್ಮ ಮತ. ಆ ಮದ್ದು ಬೇಡವೆನ್ನಲು ಮಾತ್ರ ಬಾಯಿ ಬಾರದು.

ಮದ್ದು ಸೋರುವ ಬಗೆಗೆ ಮಾತ್ರ ತಗಲುವುದು, ಅದೂ ತಡಮಾಡದೆ ಹೋದರೆ. ನೆಟ್ಟಗಿನ ಗೆರೆಗಳು ಸೊಟ್ಟಗೆ ಕಾಣುವುದು ಮೊದಲ ಕುರುಹು. ಎರಡು ಕಣ್ಣೂ ತೆರೆದಿದ್ದರೆ ಅದು ತಿಳಿಯುವುದೇ ಇಲ್ಲ. ಈಗ ಮಿತ್ರರ ಪತ್ನಿಯು ಸೋಮವಾರಕ್ಕೊಮ್ಮೆ ಅವರ ಎಡಗಣ್ಣನ್ನು ಮುಚ್ಚಿಸಿ, ಪಡಸಾಲೆಯ ಕಿಟಕಿಯ ಮುಂದೆ ನಿಲ್ಲಿಸುವರು.

"ಸರಳು ಸೊಟ್ಟ ಕಾಣ್ತಾವೇನ್ರಿ?"

"ಎಲ್ಲಾ ನೆಟ್ಟಗ ಅದಾವ. ಚಹಾ ತಾ."