ಜಾಲಿ ಮರದ ನಡುಗಡ್ಡೆಗಳು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ತುಂಬಿದಾಗ ಅಲ್ಲಿನ ಜಾಲಿ ಮರಗಳ ಬುಡ ಕಾಣುವುದಿಲ್ಲ. ನೀರಿನ ಮೇಲೆ ನೆತ್ತಿಯಷ್ಟೇ ಉಳಿದಿರುತ್ತದೆ, ಆ ನೆತ್ತಿಯ ತುಂಬ ಗೂಡುಗಳು. ಸುತ್ತ ನೀರು, ನಡುವೆ ಮುಳ್ಳಿನ ಮರ. ನರಿ, ನಾಯಿ, ಕಾಡುಬೆಕ್ಕು, ಕವಣೆ ಹಿಡಿದ ಹುಡುಗರು ಯಾರೂ ಸಲೀಸಾಗಿ ಮುಟ್ಟಲಾರದ ಜಾಗ. ಬಣ್ಣದ ಕೊಕ್ಕರೆಗೆ ಮರಿ ಮಾಡಲು ಇಂಥ ನಡುಗಡ್ಡೆಯೇ ಬೇಕು.

ಈ ಸೀಮೆಗೆ ಕಡಲು ಬಹಳ ದೂರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ರೈತರು ಮುಗಿಲು ನೋಡಿ ಜೋಳ, ಶೇಂಗಾ, ಮೆಕ್ಕೆಜೋಳ ಬಿತ್ತುತ್ತಾರೆ. ಮಳೆ ಕೈಕೊಟ್ಟ ವರ್ಷ ದುಡಿಯಲು ಗುಳೆ ಹೋಗುತ್ತಾರೆ. ಇಂಥ ಊರಿನ ಕೆರೆಯೊಂದು ರಾಮ್ಸರ್ ಪಟ್ಟಿಗೆ ಸೇರಿದೆಯೆಂದು 2024ರ ಜನವರಿ 31ರಂದು ಪ್ರಕಟವಾಯಿತು. ಇರಾನಿನ ಕ್ಯಾಸ್ಪಿಯನ್ ಕಡಲ ದಡದ ರಾಮ್ಸರ್ ಪಟ್ಟಣದಲ್ಲಿ 1971ರಲ್ಲಿ ಆದ ಒಪ್ಪಂದದ ಪ್ರಕಾರ, ಜಗತ್ತು ಉಳಿಸಿಕೊಳ್ಳಲೇಬೇಕಾದ ಜೌಗು ನೆಲಗಳ ಪಟ್ಟಿ ಅದು. ಅದೇ ದಿನ ಕರ್ನಾಟಕದ ಇನ್ನೆರಡು ಹೆಸರುಗಳೂ ಪ್ರಕಟವಾದವು: ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಬಳಚು ಆಯುವ ಹೆಂಗಸರು, ಕಾಂಡ್ಲಾ ಗಿಡಗಳು, ಉಪ್ಪುನೀರು ಇರುವ ಅಘನಾಶಿನಿಯ ವಿಸ್ತಾರ 4,801 ಹೆಕ್ಟೇರ್. ಅಂಕಸಮುದ್ರದ್ದು ನೂರು ಹೆಕ್ಟೇರೂ ಇಲ್ಲ, 244 ಎಕರೆ ಅಷ್ಟೇ. ಆದರೂ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಮಾನ.

ಆ ಮಾನ ಸುಮ್ಮನೆ ಬಂದದ್ದಲ್ಲ. ಇಲ್ಲಿ ದಾಖಲಾಗಿರುವ ಹಕ್ಕಿಗಳೇ 240 ಬಗೆ. ಮೀನು 41 ಬಗೆ, ಸರೀಸೃಪ 25, ಚಿಟ್ಟೆ 27, ಏರೋಪ್ಲೇನ್ ಚಿಟ್ಟೆಯ ಕುಲದವು 32. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ರಾತ್ರಿ ತಂಗುತ್ತವೆ. ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಕೆಂಬರಲು, ಈ ಎರಡು ಜಾತಿಗಳಲ್ಲಂತೂ ಈ ವಲಯದ ಒಟ್ಟು ಸಂಖ್ಯೆಯ ಶೇಕಡ ಒಂದಕ್ಕಿಂತ ಹೆಚ್ಚು ಹಕ್ಕಿಗಳು ಈ ಒಂದೇ ಕೆರೆಯನ್ನು ನೆಚ್ಚಿಕೊಂಡಿವೆ.

ಅಂಕಸಮುದ್ರದ ಕಥೆಯಲ್ಲಿ ನನಗೆ ಬಹು ಮುಖ್ಯವಾಗಿ ಕಾಣುವ ಸಂಗತಿ ಬೇರೆಯೇ ಇದೆ. ಈ ಕೆರೆಯನ್ನು ಯಾರೂ ಹಕ್ಕಿಗಳಿಗಾಗಿ ಕಟ್ಟಲಿಲ್ಲ. ಶತಮಾನಗಳ ಹಿಂದೆ ಹೊಲಗದ್ದೆಗಳಿಗಾಗಿ ಕಟ್ಟಿದ ಊರ ಕೆರೆ ಇದು. ಮಳೆ ಸಾಲದೆ ಒಣಗಿದ ಕಾಲದಲ್ಲಿ ಅಂಗಳದಲ್ಲಿ ಜಾಲಿ ಬೆಳೆಯಿತು. ಆಮೇಲೆ ತುಂಗಭದ್ರಾ ಹಿನ್ನೀರಿನಿಂದ ಏತ ನೀರಾವರಿಯ ಮೂಲಕ ಕೆರೆಗೆ ನೀರು ಬಂತು. ಅದನ್ನು ಕೇಳಿದ್ದು ರೈತರು, ಬೆಳೆಗಾಗಿ, ಬೋರ್‌ವೆಲ್‌ಗಳ ಅಂತರ್ಜಲಕ್ಕಾಗಿ. ನೀರು ನಿಂತಿತು, ಜಾಲಿ ಕಾಡು ಅರ್ಧ ಮುಳುಗಿತು, ಹಕ್ಕಿಗಳು ಬಂದವು. ಊರವರು ಅವನ್ನು ಓಡಿಸಲಿಲ್ಲ. ಕೊಡಲಿ ಎತ್ತಿಕೊಂಡು ಮರಕ್ಕೂ ಹೋಗಲಿಲ್ಲ. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸುವ ಹೊತ್ತಿಗೆ ಇಲ್ಲಿ ಕಾಯುವಂಥದ್ದು ಉಳಿದಿತ್ತಲ್ಲ, ಅದಕ್ಕೆ ಊರೇ ಕಾರಣ.

ಸಂರಕ್ಷಣಾ ಮೀಸಲು ಎಂಬ ಈ ವ್ಯವಸ್ಥೆ ಅಭಯಾರಣ್ಯಕ್ಕಿಂತ ಬೇರೆ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ಸೇರಿಸಿದರು. ಸರ್ಕಾರಿ ನೆಲವೇ ಆದರೂ ಸ್ಥಳೀಯರ ಜೊತೆ ಮಾತಾಡದೆ ಘೋಷಿಸುವಂತಿಲ್ಲ. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳು ಇರಬೇಕು. ಬೇಲಿ ಹಾಕಿ ಊರವರನ್ನು ಆಚೆ ನಿಲ್ಲಿಸುವ ಕ್ರಮಕ್ಕಿಂತ ನಮ್ಮ ಬಯಲುಸೀಮೆಯ ಕೆರೆಗಳಿಗೆ ಇದೇ ಸರಿ ಎಂದು ನಾನು ನಂಬಿದ್ದೇನೆ. ತೂಬು ಎತ್ತುವವರು, ಕುರಿ ಮೇಯಿಸುವವರು, ಕೆರೆ ಏರಿಯ ಮೇಲೆ ದಿನವೂ ಓಡಾಡುವವರು ಇವರೇ. ಬೇಟೆಗಾರ ಬಲೆ ಹಾಸಿದರೆ ಮೊದಲು ಕಾಣುವುದು ಇವರ ಕಣ್ಣಿಗೆ.

ಹಕ್ಕಿಗಳೂ ಊರಿಗೆ ಬರೀ ಅತಿಥಿಗಳಲ್ಲ. ಮೂವತ್ತು ಸಾವಿರ ಹಕ್ಕಿಗಳ ಹಿಕ್ಕೆ ಬಿದ್ದ ನೀರು ಹೊಲಕ್ಕೆ ಹರಿದರೆ ಗೊಬ್ಬರದ ಸತ್ವವೂ ಜೊತೆಗೇ ಹೋಗುತ್ತದೆ. ಬಾಯ್ಕಳಕ ಕೊಕ್ಕರೆ ಭತ್ತದ ಗದ್ದೆಗಳಲ್ಲಿ ಬಸವನಹುಳು ಹೆಕ್ಕುತ್ತದೆ. ಬೆಳ್ಳಕ್ಕಿಗಳು ನೇಗಿಲ ಹಿಂದೆ ಹುಳು ಹುಡುಕುತ್ತ ಹೋಗುವುದನ್ನು ನೋಡದ ರೈತ ಯಾರಿದ್ದಾರೆ?

ಅಂಕಸಮುದ್ರದ ಬದುಕು ಹಿನ್ನೀರಿಗೆ ಕಟ್ಟಿಬಿದ್ದಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ನೀರು ಹಿಡಿಯಲು ಶುರುಮಾಡಿದಾಗ ಎಷ್ಟೋ ಹಳ್ಳಿಗಳು ಮುಳುಗಿ ಜನ ಎತ್ತರಕ್ಕೆ ಬಂದು ಮತ್ತೆ ಮನೆ ಕಟ್ಟಿದರು. ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತಿದ್ದಂತೆ ಕೆಸರು ದಡಗಳೂ ದಿಬ್ಬಗಳೂ ಹೊರಬರುತ್ತವೆ, ಅಲ್ಲಿಗೆ ಹಿಂಡುಹಿಂಡಾಗಿ ರಾಜಹಂಸಗಳು ಬರುತ್ತವೆ. ನದಿ ರೀವ ಎಂಬ ಹಕ್ಕಿಗಳ ಜಾಯಮಾನವೇ ಬೇರೆ, ಅವು ಗೂಡನ್ನೇ ಕಟ್ಟದೆ ಬರಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಮಣ್ಣಿನ ಬಣ್ಣದ ಆ ಮೊಟ್ಟೆಗಳು ಕಾಲಡಿಗೆ ಸಿಕ್ಕುವವರೆಗೂ ಕಾಣುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಇಂಥ ದಿಬ್ಬಗಳಿಗೆ ದನಕುರಿ, ನಾಯಿ, ಕ್ಯಾಮೆರಾ ಹಿಡಿದ ಪ್ರವಾಸಿಗರು ಹೋಗದಿದ್ದರೆ ಸಾಕು, ಬೇರೆ ಯಾವ ಖರ್ಚೂ ಇಲ್ಲದೆ ಒಂದು ಪೀಳಿಗೆ ಉಳಿಯುತ್ತದೆ.

ಅಣೆಕಟ್ಟೆಯ ಕೆಳಗೆ, ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು. ನೀರುನಾಯಿಗಾಗಿಯೇ ದೇಶದಲ್ಲಿ ಮೀಸಲಾದ ಮೊದಲ ನದಿಪಾತ್ರ ಅದು. ಬಂಡೆಗಳ ನಡುವಿನ ನಡುಗಡ್ಡೆಗಳಲ್ಲಿ ನೀರುನಾಯಿ ಬಿಲ ಮಾಡುತ್ತದೆ, ಮೊಸಳೆ ಬಿಸಿಲು ಕಾಯುತ್ತದೆ. ಮರಳು ತೆಗೆದರೆ ಅವುಗಳ ಮನೆಯೇ ಹೋಯಿತು. ಸಿಡಿಮದ್ದು ಹಾಕಿ ಮೀನು ಹಿಡಿದರೆ ಹರಿಗೋಲಿನ ಮೀನುಗಾರನ ನಾಳಿನ ಊಟವೂ ಅದರ ಜೊತೆಗೆ ಹೋಗುತ್ತದೆ.

ಆದರೆ ಘೋಷಣೆಗಳಿಗಿಂತ ದೊಡ್ಡದು ನೀರಿನ ಲೆಕ್ಕ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು, ಎಷ್ಟೋ ನೀರು ಕಣ್ಣೆದುರಿಗೇ ಹೊಳೆ ಪಾಲಾಯಿತು. ಅಂಥ ವರ್ಷಗಳಲ್ಲಿ ಕೆರೆ ತುಂಬಿಸುವ ಪಂಪು ಎಷ್ಟು ದಿನ ಓಡುತ್ತದೆ ಎಂಬುದೇ ಪ್ರಶ್ನೆ. ಬಣ್ಣದ ಕೊಕ್ಕರೆ ಮೊಟ್ಟೆಗೆ ಸುಮಾರು ಒಂದು ತಿಂಗಳು ಕಾವು ಕೊಡಬೇಕು, ಮರಿ ಹಾರಲು ಮತ್ತೆರಡು ತಿಂಗಳು. ನಡುವೆ ನೀರು ಬತ್ತಿದರೆ ಗೂಡಿನ ಬುಡಕ್ಕೆ ನಾಯಿ, ನರಿ ನಡೆದೇ ಬರುತ್ತವೆ, ತಾಯಿ ತರುವ ಮೀನೂ ಕಡಿಮೆಯಾಗುತ್ತದೆ. ಹಾಗೆಂದು ಎಂದೂ ಇಳಿಯದಂತೆ ತುಂಬಿಟ್ಟರೂ ಕಷ್ಟ. ವರ್ಷಗಟ್ಟಲೆ ಬೇರು ಮುಳುಗಿ, ಎಲೆಯ ಮೇಲೆ ಹಿಕ್ಕೆ ಮೆತ್ತಿಕೊಂಡರೆ ಗಟ್ಟಿ ಜಾಲಿಯೂ ಸೊರಗುತ್ತದೆ. ಹಳೆಯ ಮರಗಳು ಬೀಳುವ ಮುನ್ನವೇ ಮಣ್ಣಿನ ದಿಬ್ಬ ಎಬ್ಬಿಸಿ ಹೊಸ ಸಸಿ ನೆಡುತ್ತಿರಬೇಕು.

ಕೂಡ್ಲಿಗಿಯ 74 ಕೆರೆಗಳಿಗೆ ನದಿ ನೀರು ತುಂಬಿಸುವ ಯೋಜನೆ ರೂಪುಗೊಂಡಾಗ ಜನ ಸಂಭ್ರಮಪಟ್ಟರು, ಪಡಬೇಕಾದದ್ದೇ. ಆ ಕೆರೆಗಳಲ್ಲಿ ಕೆಲವಕ್ಕಾದರೂ ಅಂಕಸಮುದ್ರದ ಭಾಗ್ಯ ಬರಬಹುದು. ಹೂಳೆತ್ತುವಾಗ ಅಂಗಳದ ಜಾಲಿಯನ್ನೆಲ್ಲ ಜೆಸಿಬಿಗೆ ಕೊಡದೆ ನಡುವೆ ಒಂದೆರಡು ಎಕರೆ ತೋಪು ಬಿಡಬೇಕು, ಅಂಚಿನಲ್ಲಿ ಆಳವಿಲ್ಲದ ಕೆಸರು ಉಳಿಯಬೇಕು. ಕೊಟ್ಟೂರು, ಹರಪನಹಳ್ಳಿ, ಹಡಗಲಿಯ ಪಂಚಾಯಿತಿಗಳು ತಮ್ಮ ಕೆರೆಗಳ ಕ್ರಿಯಾಯೋಜನೆ ಬರೆಯುವಾಗ ಈ ಎರಡು ಸಾಲು ಸೇರಿಸಲಿ. ಜಲಾಶಯದ ನೀರು ಹಂಚುವ ಸಲಹಾ ಸಮಿತಿಯೂ ಕಾಲುವೆಗಳಿಗೆ ದಿನಾಂಕ ಗೊತ್ತುಮಾಡುವಾಗ, ಮರಿಗಳು ಹಾರುವವರೆಗೆ ಅಂಕಸಮುದ್ರದ ಕೆರೆಗೆ ಎಷ್ಟು ನೀರು ಬೇಕು ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿ.